ಬುಡದ ಅಕ್ಷರ

ನಮ್ಮತ್ತೆ ಮಾಲ್ಸುನ್ ಅಕ್ಷರ ಕಲಿತದ್ದು ಎಪ್ಪತ್ತೊಂದಕ್ಕೆ,
ಹೆನಾಮ್ ಸೀಮೆಯ ಒಂದು ಹಳ್ಳಿಯ ಸಮುದಾಯ ಭವನದಲ್ಲಿ,
ನನ್ನ ಪಕ್ಕದ ಬೆಂಚಿನಲ್ಲಿ.
ನಾನು ಮೆಕಾಂಗ್ ನದಿಯ ಕಡೆಯಿಂದ ಬಂದ ಸೊಸೆ, ದಿಯೆಮ್.
ಇಬ್ಬರಿಗೂ ಒಂದೇ ಕಾಪಿ ಪುಸ್ತಕ, ಹೆಚ್ಚುಕಡಿಮೆ ಒಂದೇ ತಪ್ಪು.

ಮಾಲ್ ಅಂದರೆ ಕೊನೆ.
ಹೆಣ್ಣು ಇನ್ನು ಸಾಕು ಅಂತ ಅವಳಪ್ಪ
ಹುಟ್ಟಿದ ವಾರವೇ ಅಂಟಿಸಿದ ಚೀಟಿ.
ಅದನ್ನು ಮೊದಲ ಸಲ ತಾನೇ ಬರೆದು
ಪೆನ್ಸಿಲ್ ಕೆಳಗಿಟ್ಟಳು:
"ಇಷ್ಟು ಪುಟ್ಟದಾ?
ಇದನ್ನಾ ನಾನು ಇಷ್ಟು ವರ್ಷ ಹೊತ್ತದ್ದು?"

ಆಮೇಲೆ ಮನೆಯಲ್ಲಿ ಒಂದು ಪಾತ್ರೆಯೂ ನೆಟ್ಟಗೆ ಕೂರಲಿಲ್ಲ.
ಡಬ್ಬಿ, ಬುಟ್ಟಿ, ಸೌಟು, ಮೊಸರಿನ ಕಪ್ಪು,
ಎಲ್ಲವನ್ನೂ ಮಗುಚಿ
ಕನ್ನಡಕ ಮೂಗಿನ ತುದಿಗಿಳಿಸಿ
ಬುಡ ಓದುತ್ತಾಳೆ.
ಒಮ್ಮೆ ಒಳಗೆ ಸೋಯಾ ರಸ ಇರುವುದನ್ನೂ ಮರೆತು.

ಪಾಠ ಹೇಳುವ ಹುಡುಗಿ ಹ್ಯೇರಾನ್ ಹೇಳಿದ್ದಳು:
ತ್ರಿಕೋನ ಅಂದರೆ ಆಶೀರ್ವಾದ ಅಲ್ಲ ಅಜ್ಜಿ,
ಅದು ಬರೀ ಕುಲ ಹೇಳುತ್ತೆ, ಗುಣ ಹೇಳಲ್ಲ.
ಐದು ಬಿಸಿಗೆ ಜಗ್ಗಲ್ಲ.
ಒಂದು ನೀರಿನ ಬಾಟಲಿ, ಅದಕ್ಕೆ ಬಿಸಿ ಸುರಿಯಬೇಡಿ.
ಆರಕ್ಕೆ ಕುದಿಯುವ ಎಣ್ಣೆ ತೋರಿಸಲೇಬೇಡಿ.
ಊಟಕ್ಕೆ ಆಗುತ್ತಾ ಅಂತ ತಿಳಿಯೋಕೆ
ಲೋಟ, ಫೋರ್ಕಿನ ಚಿತ್ರ ಹುಡುಕಿ,
ಇಲ್ಲಾ 'ಆಹಾರಕ್ಕೆ' ಅನ್ನುವ ನಮ್ಮ ಮೂರಕ್ಷರ.

ಅತ್ತೆ ಪರೀಕ್ಷೆ ಶುರುಮಾಡಿದಳು.
ಮೀನಿನ ಸಾರಿಗೆ ಒಣಮೀನು ಕಟ್ಟಿ ಕುದಿಸುತ್ತಿದ್ದ
ಈರುಳ್ಳಿಯ ಕೆಂಪು ಬಲೆಚೀಲ: ನಪಾಸು.
"ಈರುಳ್ಳಿ ಹೊರೋಕೆ ಹುಟ್ಟಿದ್ದು,
ಅದನ್ನ ಯಾಕೆ ಬೇಯಿಸಿದ್ವೋ."
ಗೀರು ಬಿದ್ದು ಮಂಕಾದ ಹಳೆ ಡಬ್ಬಿ:
ಐದೇ, ಆದರೂ ವಯಸ್ಸಾಯಿತು, ಮೊಳೆ ಹಾಕಿಡೋಕೆ ಹೋಗಲಿ.

ನವೆಂಬರಿನಲ್ಲಿ ಕಿಮ್ಚಿಯ ದಿನ ಬಂತು.
ಅಂಗಳದಲ್ಲಿ ಉಪ್ಪು ಕುಡಿದ ಎಂಬತ್ತು ಎಲೆಕೋಸು.
ಕೊಟ್ಟಿಗೆಯಿಂದ ಉರುಳಿಸಿಕೊಂಡು ಬಂದಳು ಕೆಂಪು ದೊಡ್ಡ ಬೋಗುಣಿ,
ಮಾವ ಪೇಟೆಯಿಂದ ತಲೆಯ ಮೇಲೆ ಬೋರಲು ಹೊತ್ತು
ದಾರಿಯುದ್ದಕ್ಕೂ ಮಳೆ ತಪ್ಪಿಸಿಕೊಂಡು ತಂದದ್ದು.
ಮೂವತ್ತೆಂಟು ಚಳಿಗಾಲದ ಮೆಣಸಿನ ಕೆಂಪು
ಅದರ ಸ್ವಂತ ಕೆಂಪಿಗೆ ಬೆರೆತುಹೋಗಿದೆ.

ಮಗುಚಿದಳು.
ಬೆರಳಾಡಿಸಿದಳು, ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ.
ಉಗುರಿನಿಂದ ಕೆರೆದಳು.
ಸಂಖ್ಯೆ ಇಲ್ಲ, ಲೋಟ ಇಲ್ಲ, ಆ ಮೂರಕ್ಷರ ಇಲ್ಲ.
ನುಣ್ಣಗೆ, ಮೂಕವಾಗಿ ಇತ್ತು ಬುಡ.

"ಪಾಪ," ಅಂದಳು,
"ಇದೂ ಶಾಲೆಗೆ ಹೋಗಿಲ್ಲ."

ನೆರೆಯ ಒಕ್ಬುನ್ ನಕ್ಕಳು: ಅದರಲ್ಲೇ ತಿಂದು ಬದುಕಿದ್ದೀವಲ್ಲ?
ಅತ್ತೆ ಉತ್ತರಿಸಲಿಲ್ಲ.
ಉಪ್ಪು, ಹುಳಿ, ಮೆಣಸು, ದಿನಗಟ್ಟಲೆ.
ಯಾವುದರಿಂದ ಮಾಡಿದ್ದು ಅಂತ ಹೇಳಲು ಬಾರದ ಒಂದು ಒಡಲು.
ಗೊತ್ತಿಲ್ಲದ್ದನ್ನು ವಿಷ ಅನ್ನಲು ಅವಳಿಗೆ ಮನಸ್ಸಿಲ್ಲ,
ಊಟ ಅನ್ನಲೂ.

ಪೇಟೆಯಲ್ಲಿ ಅವಳು ಅಂಗಡಿಯವನ ಬೋಗುಣಿಗಳನ್ನೆಲ್ಲ ಕವುಚಿ ಹಾಕಿಸಿದಳು.
ಏಳನೆಯದರ ಬುಡದಲ್ಲಿ ಸಿಕ್ಕಿತು.
ಗಟ್ಟಿಯಾಗಿ, ಬಸ್ ನಿಲ್ದಾಣಕ್ಕೂ ಕೇಳುವಂತೆ ಓದಿದಳು:
ಆ-ಹಾ-ರ-ಕ್ಕೆ.
ಅಂಗಡಿಯವನು, ಕಿವುಡ ಇರಬೇಕು ಅಂದುಕೊಂಡನೋ ಏನೋ,
ತಾನೂ ಕೂಗಿದ: ಹೌದು ಅಜ್ಜಿ, ಆಹಾರಕ್ಕೆ!

ಹಳೆಯದನ್ನು ಎಸೆಯೋಣವೇ ಎಂದೆ.
ಸುಮ್ಮನೆ ನೋಡಿದಳು.
ಸಂಜೆ ಭವನದಿಂದ ಕಪ್ಪು ಮಾರ್ಕರ್ ಕೇಳಿ ತಂದು,
ಬೋಗುಣಿಯನ್ನು ಮಡಿಲ ಮೇಲೆ ಮಗುಚಿಕೊಂಡು
ನಾಲಿಗೆ ಹೊರಚಾಚಿ, ಒಂದೊಂದೇ ಗೆರೆ ಎಳೆದಳು.

ಒಂದು ಅಕ್ಷರ ತಲೆಕೆಳಗಾಗಿದೆ.
ನಾನು ತಿದ್ದಲಿಲ್ಲ.
*ಕಾಲು ತೊಳೆಯಲು*, ಎಂದಿದೆ.
ಕೆಳಗೆ, ಮಾವನ ಹೆಸರು.